ನಾದಿನಿಯ ತೂಕ

ಟೇಲರನಿಗೆ ತನ್ನ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಆಸ್ಪತ್ರೆಯಲ್ಲೇನೂ ಅಲ್ಲ. ಅದು ಹದಿನೆಂಟು ವರ್ಷ ಹಳೆಯದು. ಹೆಂಡತಿಯ ತಂಗಿಯನ್ನು ಕೈಹಿಡಿದು ಆ ಬೇಕರಿಯವನು ಮನೆಯೊಳಗೆ ಕಾಲಿಟ್ಟ ದಿನವೇ ಅತ್ತೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿಬಿಟ್ಟಿದ್ದ. ಅಷ್ಟು ಹೊತ್ತಿಗೆ ಟೇಲರ್ ಆ ಮನೆಗೆ ಆರು ವರ್ಷ ಹಳೆಯ ಅಳಿಯ. ಅತ್ತೆಗೆ ಅಷ್ಟೊಂದು ಹಲ್ಲುಗಳಿವೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ಬೇಕರಿಯವನು ದಪ್ಪ ಮನುಷ್ಯ, ದೊಡ್ಡ ಗಂಟಲು. ಬರುವಾಗಲೆಲ್ಲ ಕೈಯಲ್ಲಿ ಬೆಚ್ಚಗಿನ ಪೊಟ್ಟಣ. "ಅಣ್ಣಾ, ಮೈಗೆ ಸ್ವಲ್ಪ ಬೆಣ್ಣೆ ಹತ್ತಿಸ್ಕೊಳಪ್ಪಾ, ನಿನ್ನ ಸೂಜಿಗೂ ನಿನಗೂ ಏನು ವ್ಯತ್ಯಾಸ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಟೇಲರನೂ ನಗುತ್ತಿದ್ದ, ತುಟಿಯ ತುದಿಯಲ್ಲಿ. ಅವನದು ಮಾತಿಲ್ಲದ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮಿಷನ್ನು, ಗೋಡೆಗೆ ಒರಗಿಸಿದ ಇಸ್ತ್ರಿ ಮೇಜು, ತಲೆಯಿಲ್ಲದ ಒಂದು ಗೊಂಬೆ. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದ ಮೇಲೆ ಅವನ ಕೈಗೆ ಬರುತ್ತಿದ್ದದ್ದು ಹಳೆಯ ಬಟ್ಟೆಯನ್ನು ಬಿಗಿಗೆ ಹಿಡಿಯುವ, ಸಡಿಲಕ್ಕೆ ಬಿಡಿಸುವ ಕೆಲಸವೇ ಹೆಚ್ಚು. ಬೀದಿಯಲ್ಲಿ ಯಾರು ದಪ್ಪಗಾದರು, ಯಾರು ಇಳಿದುಹೋದರು ಎಂಬುದು ಅವರವರ ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

ತನ್ನ ಹೆಂಡತಿ ಇಳಿಯುತ್ತಿದ್ದಾಳೆಂದು ತಿಳಿದದ್ದೂ ಹಾಗೇ. ಅವಳ ನಲವತ್ತನೆಯ ವಯಸ್ಸಿನಲ್ಲಿ, ಒಂದೇ ವರ್ಷದಲ್ಲಿ, ಅವಳ ರವಿಕೆಗಳನ್ನು ಮೂರು ಸಲ ಬಿಗಿಗೆ ಹಿಡಿದ. ಮೂರನೆಯ ಸಲ ಹೊಲಿಗೆ ಹಾಕುವಾಗ ಅವನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಅತ್ತೆಗೂ ಹೀಗೇ ಶುರುವಾಗಿತ್ತು. ಮೊದಲು ಮೈ ಇಳಿದದ್ದು, ಆಮೇಲೆ ಕೈಬೆರಳು ತಮ್ಮಷ್ಟಕ್ಕೆ ತಾವೇ ಕುಣಿದದ್ದು, ಆಮೇಲೆ ಮಾತು ತೊದಲಿದ್ದು, ಕೊನೆಗೆ ನುಂಗಲೂ ಆಗದೆ ಹೋದದ್ದು. ಲಕ್ಷಕ್ಕೆ ಹತ್ತು ಜನರಿಗೂ ಬರದ ಕಾಯಿಲೆ, ತಾಯಿಯಿಂದ ಮಕ್ಕಳಿಗೆ ಇಳಿಯಬಹುದು, ಇಳಿಯದೆಯೂ ಇರಬಹುದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಆ ಮಾತು ಕೇಳಿದ ಮೇಲೆ ಅಕ್ಕತಂಗಿ ಇಬ್ಬರೂ ಮಕ್ಕಳು ಬೇಡವೆಂದು ಗಟ್ಟಿ ಮನಸ್ಸು ಮಾಡಿದ್ದರು. ಕಾಯಿಲೆಗೊಂದು ಉದ್ದನೆಯ ಹೆಸರಿತ್ತು. ಮನೆಯಲ್ಲಿ ಎಲ್ಲರೂ ಅದನ್ನು 'ಅಲುಗಾಟ' ಎನ್ನುತ್ತಿದ್ದರು.

ಅಕ್ಕನಿಗೆ ಬಂದ ಮೂರು ವರ್ಷಕ್ಕೆ ತಂಗಿಗೂ ಬಂತು. ಸುದ್ದಿ ಹೇಳಲು ಬಂದ ಬೇಕರಿಯವನು ಅಂದು ಪೊಟ್ಟಣ ತಂದಿರಲಿಲ್ಲ. ಬಾಗಿಲಲ್ಲೇ ನಿಂತು ದೊಡ್ಡ ಗಂಟಲಿನಲ್ಲಿ ಅತ್ತುಬಿಟ್ಟ. ಟೇಲರ್ ಅವನ ಬೆನ್ನು ಸವರಿದ. ಸವರುತ್ತಿದ್ದಾಗಲೇ ಎದೆಯ ಮೂಲೆಯಲ್ಲೆಲ್ಲೋ 'ಇನ್ನು ಇವನಿಗೂ ಗೊತ್ತಾಗುತ್ತದೆ' ಎಂಬ ತಣ್ಣನೆಯ ಸಮಾಧಾನವೊಂದು ಸುಳಿದುಹೋಯಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಸುಳಿದದ್ದು ಸುಳ್ಳಲ್ಲ.

ಅದಾಗಿ ಎರಡು ವರ್ಷಕ್ಕೆ ದೊಡ್ಡಾಸ್ಪತ್ರೆಯಿಂದ ಕರೆ ಬಂತು. ಅಲ್ಲಿನ ಪಥ್ಯದ ಮೇಡಂ ಒಂದು ಅಧ್ಯಯನ ನಡೆಸುತ್ತಿದ್ದರು. ಈ ಕಾಯಿಲೆಯ ಮೂವತ್ತೊಂದು ಜನರನ್ನು ಎಲ್ಲೆಲ್ಲಿಂದಲೋ ಹುಡುಕಿ ಗುಡ್ಡೆಹಾಕಿದ್ದರು. ನಾಲ್ಕು ತಿಂಗಳಿಗೊಮ್ಮೆ ತೂಕ, ರಕ್ತಪರೀಕ್ಷೆ, ಏನು ತಿಂದರು ಎಂಬುದರ ಪಟ್ಟಿ. ಮೇಡಂ ಸಣ್ಣಗೆ, ಚುರುಕಾಗಿದ್ದರು. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ ಮಾತಾಡುತ್ತಿದ್ದರು.

"ಈ ಕಾಯಿಲೆಯವರ ಮೈ ಕೂತಲ್ಲೇ ಓಡ್ತಿರುತ್ತೆ. ನಮಗೆ ಸುಮ್ನೆ ಕೂತ ಹಾಗೆ ಕಾಣುತ್ತೆ, ಒಳಗೆ ಒಲೆ ಉರೀತಾನೇ ಇರುತ್ತೆ. ಹಾಗಾಗಿ ಮಾಮೂಲಿಗಿಂತ ಜಾಸ್ತಿ ತಿನ್ನಬೇಕು. ಆದ್ರೆ ಬರೀ ಹೊಟ್ಟೆ ತುಂಬಿಸಿದ್ರೆ ಆಗಲ್ಲ. ಸತು, ತಾಮ್ರ, ಕಬ್ಬಿಣ, ವಿಟಮಿನ್ನುಗಳು... ಇವೆಲ್ಲ ಚಿಟಿಕೆಯಷ್ಟು ಸಾಕು, ಆದ್ರೆ ಆ ಚಿಟಿಕೆ ಬೇಕೇ ಬೇಕು. ಇವರ ಮೈಯಲ್ಲಿ ಯಾವುದು ಎಷ್ಟಿರುತ್ತೆ ಅಂತ ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕರೆಸಿದ್ದು."

ಒಬ್ಬೊಬ್ಬ ರೋಗಿಗೂ ಒಂದು ಕಾರ್ಡು ಕೊಟ್ಟರು. ಸರಿಯಿದ್ದದ್ದನ್ನು ನೀಲಿ ಶಾಯಿಯಲ್ಲಿ, ಕಡಿಮೆಯಿದ್ದದ್ದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಟೇಲರನ ಹೆಂಡತಿಯ ತೂಕ ನಲವತ್ತೆರಡೂವರೆ, ಕೆಂಪು. ವಿಟಮಿನ್ ಡಿ ಕೆಂಪು. ಸತು ಐವತ್ತೆರಡು, ಎಪ್ಪತ್ತಾದರೂ ಇರಬೇಕಿತ್ತು, ಕೆಂಪಿನ ಕೆಳಗೆ ಎರಡು ಗೆರೆ. ಟೇಲರ್ ಕತ್ತು ಉದ್ದ ಮಾಡಿ ಪಕ್ಕದ ಕುರ್ಚಿಯ ಕಾರ್ಡು ನೋಡಿದ. ನಾದಿನಿಯ ತೂಕ ನಲವತ್ತೇಳು. ಸತು ಎಂಬತ್ತೊಂದು. ಕಾರ್ಡಿನ ತುಂಬ ನೀಲಿಯೇ ನೀಲಿ.

"ಭೇಷ್, ಚೆನ್ನಾಗಿ ನೋಡ್ಕೊಂಡಿದೀರಿ," ಎಂದರು ಮೇಡಂ, ಬೇಕರಿಯವನಿಗೆ.

"ಮೊಟ್ಟೆ, ಬೆಣ್ಣೆ, ಕೆನೆ ಎಲ್ಲ ನಮ್ಮ ಕೈಯಲ್ಲೇ ಇದೆ ಮೇಡಂ. ಇವಳಿಗೆ ಬೇಡ ಅನ್ನೋಕೆ ಬಿಡಲ್ಲ ನಾನು!" ಅವನು ಎದೆಯುಬ್ಬಿಸಿದ. ಆಮೇಲೆ ಟೇಲರನ ಕಡೆ ತಿರುಗಿ, "ಅತ್ತಿಗೆಗೂ ದಿನಾ ಕಳಿಸ್ಕೊಡ್ಲಾ ಅಣ್ಣಾ?" ಎಂದ.

ಅದನ್ನು ಅವನು ಪ್ರೀತಿಯಿಂದಲೇ ಕೇಳಿದ್ದಿರಬಹುದು. ಟೇಲರನ ಕಿವಿಗೆ ಮಾತ್ರ ಕಾದ ಎಣ್ಣೆ ಹೊಯ್ದಂತಾಯಿತು.

"ನಮ್ಮನೇಲೂ ಒಲೆ ಇದೆಯಪ್ಪಾ," ಎಂದ.

ಮೇಡಂ ದಿನಕ್ಕೊಂದು ಸತುವಿನ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದವನೇ ಟೇಲರ್ ಒಂದು ನೋಟ್‌ಬುಕ್ಕು ತೆಗೆದು ಎರಡು ಕಾಲಂ ಎಳೆದ. ಒಂದರಲ್ಲಿ ಹೆಂಡತಿಯ ಅಂಕಿಗಳು, ಇನ್ನೊಂದರಲ್ಲಿ ನಾದಿನಿಯವು. ಅಂದಿನಿಂದ ಅವನು ಉಂಡಿದ್ದು, ಮಲಗಿದ್ದು, ಮಿಷನ್ನು ತುಳಿದದ್ದು ಎಲ್ಲವೂ ಆ ಎರಡು ಕಾಲಮ್ಮುಗಳ ನಡುವೆಯೇ. ಬೆಳಿಗ್ಗೆ ಹಾಲಿಗೆ ಮೊಟ್ಟೆ ಕಲಕಿ ಕುಡಿಸುವನು. ಹತ್ತಕ್ಕೆ ಬಾಳೆಹಣ್ಣು ಕಿವುಚಿ ತಿನ್ನಿಸುವನು. ಮಧ್ಯಾಹ್ನದ ಊಟ ನುಣ್ಣಗೆ ಅರೆದು ಚಮಚ ಚಮಚವಾಗಿ, ಒಂದೂಕಾಲು ಗಂಟೆ. ಹೆಂಡತಿಯ ಕೈ ಇದ್ದಕ್ಕಿದ್ದಂತೆ ಹಾರಿ ಬಟ್ಟಲಿಗೆ ಬಡಿದರೆ ಮತ್ತೆ ಮೊದಲಿಂದ. ಅವಳಿಗೆ ಸಾಕಾಗಿ ಬಾಯಿ ಮುಚ್ಚಿದರೆ ಬಿಡುತ್ತಿರಲಿಲ್ಲ.

"ನಾನೇನು... ದಿಂಬಾ ರೀ," ಅವಳು ತೊದಲಿದಳು, "ತುಂಬ್ತಾನೇ... ಇದೀರಲ್ಲ?"

"ಇನ್ನೆರಡೇ ಚಮಚ. ನಿನ್ನ ತಂಗಿ ತಿನ್ನಲ್ವಾ?"

ತಂಗಿಯ ಹೆಸರೆತ್ತಿದ್ದಕ್ಕೆ ಅವಳು ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಬಾಯಿ ತೆರೆದಳು. ಅವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಆ ಕಾಯಿಲೆ ಅವಳ ನಾಲಗೆಯನ್ನು ಹಿಡಿದಿತ್ತೇ ಹೊರತು ಬುದ್ಧಿಯನ್ನು ಇನ್ನೂ ಮುಟ್ಟಿರಲಿಲ್ಲ.

ಎರಡನೇ ತಿಂಗಳಿಗೆ ಟೇಲರನಿಗೆ ದಿನಕ್ಕೊಂದು ಮಾತ್ರೆ ಯಾವ ಮೂಲೆಗೂ ಸಾಲದು ಎನ್ನಿಸಿತು. ಔಷಧದಂಗಡಿಗೆ ಹೋಗಿ, ಚೀಟಿಯಿಲ್ಲದೆ ಸಿಗುವ ದೊಡ್ಡ ಸತುವಿನ ಮಾತ್ರೆಯ ಹಳದಿ ಡಬ್ಬಿಯೊಂದನ್ನು ತಂದ. ಮೇಡಂ ಕೊಟ್ಟದ್ದು ಒಂದು, ತನ್ನದು ಬೆಳಿಗ್ಗೆ ಎರಡು, ರಾತ್ರಿ ಎರಡು. ಪುಡಿಮಾಡಿ ಬಾಳೆಹಣ್ಣಿನಲ್ಲಿ ಬೆರೆಸಿಬಿಡುತ್ತಿದ್ದ. ಒಳ್ಳೆಯದೇ ತಾನೇ, ಜಾಸ್ತಿಯಾದರೆ ಹರಿದುಹೋಗುತ್ತದೆ ಎಂದುಕೊಂಡ. ಡಬ್ಬಿಯನ್ನು ಗುಂಡಿಗಳ ಡಬ್ಬಿಗಳ ಹಿಂದೆ ಇಟ್ಟ. ಹೆಂಡತಿಗೇಕೆ ಹೇಳಬೇಕು? ಅವಳು ತಂಗಿಗೆ ಹೇಳುತ್ತಾಳೆ, ತಂಗಿಯ ಗಂಡ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾನೆ, ಅವನೂ ಶುರುಮಾಡಿಕೊಳ್ಳುತ್ತಾನೆ.

ಎರಡನೇ ಭೇಟಿಯಲ್ಲಿ ಸತು ನೂರ ಹದಿನೆಂಟು. ನಾದಿನಿಯದು ಎಪ್ಪತ್ತೊಂಬತ್ತು. ಟೇಲರನಿಗೆ ಆಸ್ಪತ್ರೆಯ ಪಡಸಾಲೆಯಲ್ಲೇ ಕುಣಿಯುವಂತಾಯಿತು. ಕಾರ್ಡನ್ನು ಬೇಕರಿಯವನ ಕಣ್ಣಿಗೆ ಬೀಳುವ ಹಾಗೆ ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು ಕೂತ.

"ಅರೆರೆ, ಏನಣ್ಣಾ ಇದು, ಏನು ತಿನ್ನಿಸ್ತಿದೀಯ ಅತ್ತಿಗೆಗೆ?"

"ಏನಿಲ್ಲಪ್ಪಾ. ಮನೆ ಊಟ."

ಆದರೆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ತೂಕದಲ್ಲಿ ಹೆಂಡತಿ ಮುನ್ನೂರು ಗ್ರಾಮು ಏರಿದ್ದರೆ ನಾದಿನಿ ಪೂರ್ತಿ ಒಂದು ಕೇಜಿ ಏರಿದ್ದಳು. ಮೂರನೇ ಭೇಟಿಯಲ್ಲಿ ಮತ್ತೆ ಅರ್ಧ ಕೇಜಿ. ಹೆಚ್ಚಿನ ರೋಗಿಗಳು ಇಳಿಯುತ್ತಿದ್ದಾಗ ನಾದಿನಿ ಏರುತ್ತಲೇ ಇದ್ದಳು. ಮೇಡಂ ಅವಳ ಊಟದ ಪಟ್ಟಿಯನ್ನು ಎರಡೆರಡು ಸಲ ಓದಿ, ನಕಲು ಮಾಡಿ ಎಲ್ಲರಿಗೂ ಹಂಚಿದರು. ಬೇಕರಿಯವನು ಬರೆದ ಕಾಗದ, ಅದರ ಮೂಲೆಯಲ್ಲೊಂದು ಬೆಣ್ಣೆಯ ಕಲೆ. ನಕಲಿನಲ್ಲಿ ಆ ಕಲೆಯೂ ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದು ಮನೆಗೆ ಬರುವಾಗ ಟೇಲರನಿಗೆ ಊಟ ಸೇರದಷ್ಟು ಉರಿಯಿತು.

ಆ ಹೊತ್ತಿಗೆ ಹೆಂಡತಿಯ ಕಾಲು ಕೆಟ್ಟಿತ್ತು. ಮೊದಲು, "ರೀ, ನೆಲ... ಹತ್ತಿ ಇದ್ದಂಗಿದೆ," ಎಂದಳು. ಆಮೇಲೆ ಚಪ್ಪಲಿ ಕಳಚಿಬಿದ್ದರೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕುಸಿದು ಹುಬ್ಬು ಒಡೆದುಕೊಂಡಳು. ಮುಖ ಬಿಳಿಚಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ನೋಡಿದವರೆಲ್ಲ, "ಕಾಯಿಲೆ ಮುಂದುವರೀತಿದೆ, ಏನ್ಮಾಡೋಕಾಗುತ್ತೆ," ಎಂದರು. ಟೇಲರನೂ ಹಾಗೇ ಅಂದುಕೊಂಡ. ಅಂದುಕೊಂಡು, ಬೆಳಿಗ್ಗೆ ಎರಡರ ಜಾಗಕ್ಕೆ ಮೂರು ಮಾತ್ರೆ ಮಾಡಿದ.

ವರ್ಷ ತುಂಬಿದ ಭೇಟಿಗೆ ಅವಳನ್ನು ತಳ್ಳುಕುರ್ಚಿಯಲ್ಲಿ ಕರೆದೊಯ್ಯಬೇಕಾಯಿತು. ವರ್ಷಕ್ಕೊಮ್ಮೆ ಮಾತ್ರ ಮಾಡುವ ಪರೀಕ್ಷೆಗಳಿದ್ದವು, ರಕ್ತವನ್ನು ವಾರದ ಹಿಂದೆಯೇ ಕೊಟ್ಟುಬಂದಿದ್ದರು. ಮೇಡಂ ಇಬ್ಬರು ಅಕ್ಕತಂಗಿಯರನ್ನೂ, ಇಬ್ಬರು ಗಂಡಂದಿರನ್ನೂ ಒಟ್ಟಿಗೇ ಒಳಗೆ ಕರೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಟೇಲರವರೇ, ನಿಮ್ಮನೆಯವರ ರಕ್ತದಲ್ಲಿ ತಾಮ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಲು ಜೋಮು, ರಕ್ತಹೀನತೆ ಎಲ್ಲ ಅದರಿಂದಲೇ ಅಂತ ನನ್ನ ಅನುಮಾನ. ಇದು ಆ ಕಾಯಿಲೆಯ ಕೆಲಸ ಅಲ್ಲ. ಸತು ತುಂಬಾ ಜಾಸ್ತಿಯಾದ್ರೆ ಮೈ ತಾಮ್ರವನ್ನ ಒಳಗೇ ಬಿಟ್ಟುಕೊಳ್ಳಲ್ಲ. ನಾನು ಬರೆದುಕೊಟ್ಟಿದ್ದು ಬಿಟ್ಟು ಇನ್ನೇನಾದ್ರೂ ಕೊಡ್ತಿದೀರಾ?"

ಟೇಲರನಿಗೆ ಹಳದಿ ಡಬ್ಬಿ ಕಣ್ಣಮುಂದೆ ಬಂತು. ಆ ಕೋಣೆಯಲ್ಲಿ ಮೇಡಂ ಒಬ್ಬರೇ ಇದ್ದಿದ್ದರೆ ಕಾಲು ಹಿಡಿದು ಹೇಳಿಬಿಡುತ್ತಿದ್ದನೇನೋ. ಆದರೆ ಬಲಗಡೆ ಬೇಕರಿಯವನು ಕೂತಿದ್ದ, ಹುಬ್ಬು ಮೇಲೇರಿಸಿಕೊಂಡು, ಅಯ್ಯೋ ಪಾಪ ಎನ್ನುವ ಮುಖ ಮಾಡಿಕೊಂಡು.

"ಇಲ್ಲ ಮೇಡಂ," ಎಂದ ಟೇಲರ್. "ನೀವು ಬರ್ದಿದ್ದೊಂದೇ."

ಮೇಡಂ ಏನೋ ಬರೆದುಕೊಂಡರು. ನಾದಿನಿಯನ್ನು ತೂಗುವ ಕುರ್ಚಿಗೆ ಕೂರಿಸಲು ನರ್ಸು ಬಂದಳು. ಟೇಲರ್ ಯಾರ ಮುಖವನ್ನೂ ನೋಡಲಾರದೆ ಸುಮ್ಮನೆ ನಾದಿನಿಯ ಬಟ್ಟೆ ನೋಡುತ್ತ ಕೂತ. ಅವಳು ಯಾವಾಗಲೂ ಹಾಕುತ್ತಿದ್ದ, ಹತ್ತಿ ತುಂಬಿದ, ತೋಳಿಲ್ಲದ ನೀಲಿ ಜಾಕೆಟ್ಟು. ಚಳಿ ತಡೆಯುವುದಿಲ್ಲವೆಂದು ತೂಗುವಾಗಲೂ ಅದನ್ನು ತೆಗೆಸುತ್ತಿರಲಿಲ್ಲ. ಅವಳ ಭುಜ ಎಡಕ್ಕೆ ಹಾರಿತು, ಬಲಕ್ಕೆ ಹಾರಿತು. ಜಾಕೆಟ್ಟಿನ ಅಂಚು ಮಾತ್ರ ಒಂದು ಗಳಿಗೆ ತಡವಾಗಿ ಹೊರಳಿತು.

ಮೂವತ್ತು ವರ್ಷ ಬಟ್ಟೆಯೊಂದಿಗೆ ಬಾಳಿದವನ ಕಣ್ಣು ಅದು. ಹತ್ತಿ ತುಂಬಿದ ಬಟ್ಟೆ ಹಾಗೆ ಹೊರಳುವುದಿಲ್ಲ. ಅವನು ಕಣ್ಣು ಕಿರಿದು ಮಾಡಿದ. ಅಂಚು ಹೊರಳಿದಾಗ ಕಂಡ ಅಸ್ತರಿನ, ಅಂದರೆ ಒಳಬಟ್ಟೆಯ, ಕೆಳಗಡೆ ಒಂದು ಸಾಲು ಹೊಲಿಗೆ, ಉದ್ದುದ್ದ, ಸೊಟ್ಟಸೊಟ್ಟ, ಸೂಜಿ ಹಿಡಿದು ಗೊತ್ತಿಲ್ಲದ ದಪ್ಪ ಬೆರಳುಗಳದ್ದು. ಆ ಹೊಲಿಗೆಯ ಮೇಲೆ ನಾಲ್ಕು ಕಡೆ ಬಟ್ಟೆ ಚಪ್ಪಟೆಯಾಗಿ ಉಬ್ಬಿತ್ತು.

ಹೊಳೆಯಿತು. ಹೊಳೆದ ಕೂಡಲೇ ಮೈಯೆಲ್ಲ ಹಗುರಾಯಿತು. ತನ್ನ ಸುಳ್ಳು, ಹೆಂಡತಿಯ ಕಾಲು, ಎಲ್ಲ ಮರೆತೇಹೋಯಿತು.

"ಮೇಡಂ," ಎದ್ದು ನಿಂತ. "ಆ ಜಾಕೆಟ್ ಬಿಚ್ಚಿಸಿ ತೂಗಿ."

"ಅವಳಿಗೆ ಚಳಿಯಾಗುತ್ತೆ!" ಬೇಕರಿಯವನೂ ಎದ್ದ. ಅವನ ದೊಡ್ಡ ಗಂಟಲು ಕೀರಲಾಗಿತ್ತು.

"ಒಂದು ನಿಮಿಷಕ್ಕೆ ಏನೂ ಆಗಲ್ಲ. ಬಿಚ್ಚಿಸಿ ಮೇಡಂ. ನಾನು ಟೇಲರ್ರು, ನನಗೆ ಗೊತ್ತಾಗುತ್ತೆ."

ನರ್ಸು ಜಾಕೆಟ್ಟು ತೆಗೆದಳು. ತೆಗೆದವಳ ಕೈ ಭಾರಕ್ಕೆ ಕೆಳಗಿಳಿಯಿತು. ಮೇಡಂ ಅಸ್ತರನ್ನು ಮುಟ್ಟಿ ನೋಡಿ ಕತ್ತರಿಯಿಂದ ಹೊಲಿಗೆ ಬಿಡಿಸಿದರು. ಒಳಗಿಂದ ಹಳೆಯ ತಕ್ಕಡಿಯ ಕಬ್ಬಿಣದ ಬಟ್ಟುಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ನಾಲ್ಕು ಬಟ್ಟು, ಒಂದೊಂದೂ ಒಂದು ಕೇಜಿ. ಕುರ್ಚಿಯ ಅಂಕಿ ನಲವತ್ನಾಲ್ಕೂವರೆಗೆ ಬಂದು ನಿಂತಿತು.

ಬೇಕರಿಯವನು ಅಷ್ಟಿದ್ದವನು ಇಷ್ಟಾಗಿ ಕುರ್ಚಿಯಲ್ಲಿ ಕುಸಿದ. ಈ ಮುಖವನ್ನು ನೋಡಬೇಕೆಂದು ಟೇಲರ್ ಹದಿನೆಂಟು ವರ್ಷ ಕಾದಿದ್ದ. ನೋಡಿದ. ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನ್ನಿಸಿತು.

"ಯಾಕೆ ಹೀಗ್ಮಾಡಿದ್ರಿ?" ಮೇಡಂ ಕೇಳಿದರು. ದನಿ ಏರಿರಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು. "ತೂಕ ಏರ್ತಿದೆ ಅಂತ ನಾನು ಇವರಿಗೆ ವಿಶೇಷ ಆಹಾರದ ಪುಡಿ ಬರೆಯಲಿಲ್ಲ. ನುಂಗೋದನ್ನ ಪರೀಕ್ಷೆ ಮಾಡೋರ ಹತ್ರ ಕಳಿಸಲಿಲ್ಲ. ಒಂದು ವರ್ಷ! ಒಂದು ವರ್ಷದಿಂದ ಇವರು ಇಳೀತಾ ಇದ್ರು, ನಾನು ಚಪ್ಪಾಳೆ ತಟ್ಟುತ್ತಾ ಇದ್ದೆ."

ಬೇಕರಿಯವನು ಮೇಡಂಗಲ್ಲ, ಟೇಲರನಿಗೆ ಉತ್ತರ ಕೊಟ್ಟ. "ನಿನ್ನಿಂದಲೇ ಅಣ್ಣಾ. ಅತ್ತಿಗೆಗೆ ಕಾಯಿಲೆ ಬಂದು ಐದು ವರ್ಷ ದಾಟ್ತು, ಇವತ್ತಿಗೂ ಮಾತಾಡ್ತಾರೆ, ತಮಾಷೆ ಮಾಡ್ತಾರೆ. ಇವಳು ಎರಡೇ ವರ್ಷಕ್ಕೆ ಮೂಕಿ ಆದ್ಲು. ನೀನು ಮನೇಲೇ ಇರ್ತೀಯ, ಪಕ್ಕದಲ್ಲೇ ಕೂತಿರ್ತೀಯ. ನಾನು ಬೆಳಗಿನ ಜಾವ ಒಲೆ ಮುಂದೆ ನಿಂತ್ರೆ ಬರೋದು ಮಧ್ಯಾಹ್ನ. ಒಂದಾದ್ರೂ, ಒಂದ್ರಲ್ಲಾದ್ರೂ ನಿನ್ನ ಮುಂದೆ ಸೋಲಬಾರದು ಅನ್ನಿಸ್ತು. ಮೊದಲ ಸಲ ತೂಗಿದ್ದು ನಿಜವಾದ ತೂಕವೇ. ಆಮೇಲೆ ಇಳಿಯೋಕೆ ಶುರುವಾಯ್ತು..."

ಟೇಲರನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತನ್ನ ಮೇಲೆ ಹೊಟ್ಟೆಕಿಚ್ಚು? ಈ ದೊಡ್ಡ ಗಂಟಲಿನವನಿಗೆ? ಒಳಗೊಳಗೇ ಅವನಿಗೆ ಅದು ಹಿತವಾಗಿಯೂ ಇತ್ತು, ಸುಳ್ಳೇಕೆ ಹೇಳಬೇಕು. ಮೇಡಂ ಕಡೆ ತಿರುಗಿ, ಏನೋ ದೊಡ್ಡ ಮನುಷ್ಯನಂತೆ, "ಹೋಗ್ಲಿ ಬಿಡಿ ಮೇಡಂ, ಗೊತ್ತಿಲ್ದೆ ಮಾಡಿದಾನೆ," ಎಂದ.

ಆಗ ತಳ್ಳುಕುರ್ಚಿಯಿಂದ ದನಿ ಬಂತು.

"ಇವರೂ... ಕೊಡ್ತಾರೆ." ಅವನ ಹೆಂಡತಿ. ಒಂದೊಂದು ಅಕ್ಷರವನ್ನೂ ಬಾಯಿಂದ ಎಳೆದು ತೆಗೆಯುತ್ತಿದ್ದಳು. "ಹಳದಿ... ಡಬ್ಬಿ. ಗುಂಡಿ... ಡಬ್ಬಿ ಹಿಂದೆ. ಬೆಳಿಗ್ಗೆ ಮೂರು... ರಾತ್ರಿ ಎರಡು. ಬಾಳೆಹಣ್ಣು... ಕಹಿ."

ಟೇಲರ್ ತಳ್ಳುಕುರ್ಚಿಯ ಕಡೆ ತಿರುಗಿದ.

"ನಿನಗೆ ಗೊತ್ತಿತ್ತಾ?" ಎಂದ.

"ನಾನು... ತಿನ್ನೋಳು ರೀ."

"ಮತ್ಯಾಕೆ ಹೇಳಲಿಲ್ಲ?"

ಅವಳು ತಂಗಿಯ ಕಡೆ ಕಣ್ಣು ಹೊರಳಿಸಿದಳು. "ನಿಮಗೆ... ಖುಷಿ ಆಗ್ತಿತ್ತು. ಇವಳಿಗೂ... ಜಾಕೆಟ್ ಭಾರ ಅಂತ... ಗೊತ್ತು. ಗಂಡನಿಗೆ ಖುಷಿ... ಅಂತ ಸುಮ್ನಿದ್ಲು."

ತೂಗುವ ಕುರ್ಚಿಯಲ್ಲಿ ನಾದಿನಿಯ ಭುಜ ಕುಣಿಯತೊಡಗಿತ್ತು. ಎಲ್ಲರೂ ಅಲುಗಾಟ ಎಂದುಕೊಂಡರು. ನೋಡಿದರೆ ಅವಳು ನಗುತ್ತಿದ್ದಳು. ಅದನ್ನು ಕಂಡು ಅಕ್ಕನೂ ನಕ್ಕಳು. ಗಂಡಂದಿರಿಬ್ಬರೂ ಇಂಗು ತಿಂದ ಮಂಗನ ಹಾಗಾಗಿದ್ದರು. ಮೇಡಂ ಕನ್ನಡಕ ಒರೆಸುತ್ತ ಗೋಡೆಯ ಕಡೆ ತಿರುಗಿಕೊಂಡರು.

ಹಳದಿ ಡಬ್ಬಿ ಅವತ್ತೇ ಕಸದ ಬುಟ್ಟಿಗೆ ಹೋಯಿತು. ತಾಮ್ರವನ್ನು ಮೊದಲು ಸೂಜಿಯಲ್ಲಿ, ಆಮೇಲೆ ಮಾತ್ರೆಯಲ್ಲಿ ಕೊಟ್ಟರು. ಎರಡು ತಿಂಗಳಲ್ಲಿ ರಕ್ತ ಏರಿತು, ಮುಖಕ್ಕೆ ಬಣ್ಣ ಬಂತು. ಕಾಲು ಮಾತ್ರ ಪೂರ್ತಿ ಹಿಂದಿರುಗಲಿಲ್ಲ. ಹಿಮ್ಮಡಿಗೆ ಸ್ಪರ್ಶ ಬಂತು, ಬೆರಳುಗಳಿಗೆ ಬರಲಿಲ್ಲ. ಹಿಡಿದುಕೊಂಡರೆ ಹತ್ತು ಹೆಜ್ಜೆ ಹಾಕುತ್ತಿದ್ದಳು, ಅಷ್ಟೇ. ಅಲುಗಾಟದಿಂದ ಹೋದದ್ದೆಷ್ಟು, ತನ್ನಿಂದ ಹೋದದ್ದೆಷ್ಟು ಎಂದು ಟೇಲರ್ ಒಂದು ದಿನ ಮೇಡಂ ಅವರನ್ನು ಕೇಳಿದ. ಅವರು ಸುಳ್ಳು ಹೇಳುವವರಲ್ಲ. "ಕಾಲಿನದು ಬಹುಪಾಲು ನಿಮ್ಮಿಂದಲೇ," ಎಂದರು. ಅಂದು ಮನೆಗೆ ಬಂದವನು ಮಿಷನ್ನಿನ ಮುಂದೆ ಕೂತು ಅಂಗಡಿ ಮುಚ್ಚುವ ತನಕ ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ಮೇಡಂ ಇಬ್ಬರನ್ನೂ ಅಧ್ಯಯನದಿಂದ ಕೈಬಿಟ್ಟರು, ಚಿಕಿತ್ಸೆಯಿಂದ ಬಿಡಲಿಲ್ಲ. ಒಂದು ಅಪ್ಪಣೆ ಮಾತ್ರ ಮಾಡಿದರು: ಅಕ್ಕತಂಗಿಯರಿಗೆ ಮಧ್ಯಾಹ್ನದ ಊಟ ಒಟ್ಟಿಗೇ ಆಗಬೇಕು. ಹೀಗಾಗಿ ಬೇಕರಿಯವನು ದಿನವೂ ಕೆಲಸ ಮುಗಿಸಿ ಹೆಂಡತಿಯನ್ನು ಟೇಲರನ ಮನೆಗೆ ಕರೆತರತೊಡಗಿದ. ಇಬ್ಬರನ್ನೂ ಎದುರುಬದುರು ಕೂರಿಸಿದರೆ ಒಂದೂಕಾಲು ಗಂಟೆಯ ಊಟ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಒಬ್ಬಳು ಬಾಯಿ ತೆರೆದರೆ ಇನ್ನೊಬ್ಬಳೂ ತೆರೆಯುವಳು. ಆರು ತಿಂಗಳಲ್ಲಿ ಅಕ್ಕ ಎರಡು ಕೇಜಿ ಏರಿದಳು, ತಂಗಿ ಇದ್ದಲ್ಲೇ ನಿಂತಳು. ತಾನು ವರ್ಷವಿಡೀ ಅರೆದು, ಬೇಡಿ, ಗದರಿ ತಿನ್ನಿಸಲಾಗದ್ದನ್ನು ಮಾತೇ ಬಾರದ ತಂಗಿ ಬರಿಯ ಕಣ್ಣಿನಲ್ಲಿ ತಿನ್ನಿಸುತ್ತಿದ್ದಾಳೆಂದು ಟೇಲರನಿಗೆ ಈಗ ನಾದಿನಿಯ ಮೇಲೂ ಹೊಟ್ಟೆಕಿಚ್ಚಾಯಿತು.

ಹೀಗೆ ಒಟ್ಟಿಗೆ ಉಣ್ಣತೊಡಗಿದ ಮೂರನೇ ವರ್ಷ ನಾದಿನಿ ತೀರಿಕೊಂಡಳು. ನುಂಗಿದ್ದು ಶ್ವಾಸಕ್ಕೆ ಹೋಗಿ ಕಫ ಕಟ್ಟಿತು, ನಾಲ್ಕು ದಿನ. ಆಗ ಅವಳ ತೂಕ ನಲವತ್ನಾಲ್ಕೇ ಇತ್ತು, ಈ ಕಾಯಿಲೆಯಲ್ಲಿ ಅಷ್ಟು ಉಳಿಸಿಕೊಂಡದ್ದೇ ದೊಡ್ಡದು ಎಂದು ಮೇಡಂ ಬೇಕರಿಯವನಿಗೆ ಹೇಳಿದರು. ಅವನು ಆ ಮಾತನ್ನು ಕೈಯೊಡ್ಡಿ ತೆಗೆದುಕೊಂಡವನಂತೆ ತಲೆಬಾಗಿಸಿದ.

ಅವಳು ಹೋದ ಹನ್ನೆರಡು ದಿನಗಳ ಮೇಲೆ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬೇಕರಿಯವನು ಅದೇ ಹೊತ್ತಿಗೆ ಬಂದಿದ್ದ, ಒಬ್ಬನೇ. "ಕಾಲು ಈ ಕಡೆ ತಾನಾಗೇ ಬಂತಣ್ಣಾ," ಎಂದ. ಅತ್ತಿಗೆಯ ಎದುರಿನ ಕುರ್ಚಿಯಲ್ಲಿ ಕೂತು ಚಮಚ ತೆಗೆದುಕೊಂಡ. ತಂಗಿ ಹೋದಾಗಿನಿಂದ ತುತ್ತಿಗೆ ಬಾಯಿ ಬಿಡದೆ ಹಟ ಹಿಡಿದಿದ್ದವಳು ಅವನಿಗೆ ಬಾಯಿ ತೆರೆದಳು. ಅವನು ಏನೋ ತಮಾಷೆ ಹೇಳಿದ, ಅವಳು ಗೊರಗೊರ ನಕ್ಕಳು, ಇನ್ನೊಂದು ಚಮಚ ಒಳಗೆ ಹೋಯಿತು. ಟೇಲರ್ ಕೊಟ್ಟರೆ ಐದು ಚಮಚ, ಬೇಕರಿಯವನು ಕೊಟ್ಟರೆ ಹನ್ನೆರಡು. ಅಂದಿನಿಂದ ದಿನವೂ ಅದೇ. ಟೇಲರ್ ಮುಂದಿನ ಕೋಣೆಯಲ್ಲಿ ಮಿಷನ್ನು ತುಳಿಯುತ್ತ ಒಳಗಿನ ನಗು ಕೇಳುವನು. ಹೊಟ್ಟೆ ಉರಿಯುವುದು. ದಾರ ಕಡಿದುಹೋಗುವುದು.

ಒಂದು ದಿನ ಎರಡು ಗಂಟೆಯಾದರೂ ಬೇಕರಿಯವನು ಬರಲಿಲ್ಲ. ಹೆಂಡತಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಟೇಲರ್ ಬಟ್ಟಲು ಹಿಡಿದು ಕೂತ. ಎರಡು ಚಮಚಕ್ಕೆ ಅವಳು ಬಾಯಿ ಮುಚ್ಚಿದಳು. ಅವನು ಬಟ್ಟಲನ್ನು ಮುಚ್ಚಿಟ್ಟು, ಪಕ್ಕದ ಮನೆಯವಳಿಗೆ ಸ್ವಲ್ಪ ಹೊತ್ತು ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟ. ಎರಡು ಬೀದಿ ದಾಟಿ, ಬೇಕರಿಯ ಹಿಂದಿನ ಮೆಟ್ಟಿಲು ಹತ್ತಿದ. ಷಡ್ಡಕ ಜ್ವರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಏಳೋ," ಎಂದ ಟೇಲರ್.

"ಆಗ್ತಿಲ್ಲಣ್ಣಾ."

"ನನ್ನ ಕೈಯಲ್ಲಿ ತಿನ್ನಲ್ಲ ಅವಳು. ನಿನ್ನ ಕೈಯೇ ಬೇಕಂತೆ." ಮೂಲೆಯಲ್ಲಿದ್ದ ಚಪ್ಪಲಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದ. "ಏಳು. ದೂರ ಕೂತು ಮಾತಾಡಿಸು ಸಾಕು, ಚಮಚ ನಾನು ಹಿಡೀತೀನಿ."

ಬೇಕರಿಯವನು ಎದ್ದು ಕೂತು ಅವನ ಮುಖ ನೋಡಿದ. ಟೇಲರ್ ಬೇರೆ ಕಡೆ ನೋಡುತ್ತ, ಗೂಟದಲ್ಲಿದ್ದ ಅಂಗಿಯನ್ನು ಎಳೆದು ಅವನ ಮಡಿಲಿಗೆ ಎಸೆದ. ಭುಜ ಕೊಟ್ಟು ಮೆಟ್ಟಿಲು ಇಳಿಸಿದ. ಮನೆ ಬಾಗಿಲು ತೆರೆದಾಗ ಅವಳು ಗಂಡನನ್ನು ದಾಟಿ ಹಿಂದೆ ನಿಂತವನನ್ನು ನೋಡಿ ಬಾಯಗಲಿಸಿದಳು. ಅದು ನಗುವೋ, ಹಸಿವೋ. ಟೇಲರ್ ಕೈತೊಳೆದುಕೊಂಡು ಬಂದು ಬಟ್ಟಲನ್ನೆತ್ತಿಕೊಂಡ.